ಕೋಣೆಗೆ ತಕ್ಕ ಮಂಚ

ಸಂಪಾದಕರಿಗೆ,

ಮಾನ್ಯರೇ,

ದಸರಾ, ದೀಪಾವಳಿ ಸಮೀಪಿಸುತ್ತಿದ್ದಂತೆ ದಿನಪತ್ರಿಕೆಗಳ ಒಳಪುಟಗಳು ಪೀಠೋಪಕರಣ ಮಳಿಗೆಗಳ ಜಾಹೀರಾತುಗಳಿಂದ ತುಂಬಿಕೊಳ್ಳುತ್ತವೆ. ಮಂಚ, ಹಾಸಿಗೆ, ವಾರ್ಡ್‌ರೋಬ್, ಡ್ರೆಸ್ಸಿಂಗ್ ಟೇಬಲ್ ಎಲ್ಲವನ್ನೂ ಸೇರಿಸಿ ‘ಬೆಡ್‌ರೂಮ್ ಸೆಟ್’ ಎಂದು ಒಂದೇ ಬೆಲೆಗೆ ಮಾರುವ ಈ ಜಾಹೀರಾತುಗಳಲ್ಲಿ ಬಡ್ಡಿಯಿಲ್ಲದ ಕಂತಿನ ವಿವರವಿರುತ್ತದೆ, ಉಚಿತ ಸಾಗಣೆಯ ಭರವಸೆಯಿರುತ್ತದೆ. ಮಂಚದ ಹೊರ ಅಳತೆ ಎಷ್ಟು ಎಂಬುದು ಮಾತ್ರ ಇರುವುದಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ವರ್ಷಗಟ್ಟಲೆ ಸಿವಿಲ್ ಡ್ರಾಯಿಂಗ್ ಕಲಿಸಿದ ನಾನೇ ಮಗನ ಮನೆಯ ವಿಷಯದಲ್ಲಿ ಎಡವಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಗ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಕೊಂಡಾಗ ಬಿಲ್ಡರ್ ಕೊಟ್ಟ ಬಣ್ಣದ ನಕಾಶೆಯಲ್ಲಿ ಮಾಸ್ಟರ್ ಬೆಡ್‌ರೂಮಿನ ಅಳತೆ ಹತ್ತೂವರೆ ಅಡಿಗೆ ಹನ್ನೊಂದೂವರೆ ಅಡಿ ಎಂದಿತ್ತು. ಗಿಲಾವು ಮುಗಿದ ಮೇಲೆ ಟೇಪು ಹಿಡಿದರೆ ಸಿಕ್ಕಿದ್ದು ಹತ್ತಕ್ಕೆ ಹನ್ನೊಂದು. ಅವರು ಗೋಡೆಯ ಮಧ್ಯದಿಂದ ಮಧ್ಯಕ್ಕೆ ಅಳೆದಿದ್ದರು. ಅದೇ ನಕಾಶೆಯಲ್ಲಿ ಮಂಚದ ಚಿತ್ರವೂ ಇದ್ದು, ಸುತ್ತಲೂ ಓಡಾಡಲು ಧಾರಾಳವಾಗಿ ಜಾಗವಿರುವಂತೆ ಕಾಣುತ್ತಿತ್ತು. ಬಹಳ ತಡವಾಗಿ, ಹಣ ಕೊಟ್ಟಾದ ಮೇಲೆ, ಸ್ಕೇಲ್ ಇಟ್ಟು ನೋಡಿದೆ: ಚಿತ್ರದ ಆ ಮಂಚದ ಅಗಲ ನಾಲ್ಕೂವರೆ ಅಡಿ! ಗಂಡಹೆಂಡತಿ ಮಲಗುವ ಅಂಥ ಮಂಚವನ್ನು ಯಾವ ಮಳಿಗೆಯಲ್ಲಿಯೂ ನಾನು ಕಂಡಿಲ್ಲ.

ಕಿಂಗ್ ಸೈಜ್ ಹಾಸಿಗೆ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ 72 ಅಂಗುಲ ಅಗಲ, 78 ಅಂಗುಲ ಉದ್ದ. ಕ್ವೀನ್ ಸೈಜಿನ ಉದ್ದ ಅಷ್ಟೇ, ಅಗಲ 60 ಅಂಗುಲ. ಆದರೆ ಇವು ಹಾಸಿಗೆಯ ಅಳತೆಗಳು. ಚೌಕಟ್ಟು, ತಲೆಹಲಗೆ ಸೇರಿ ನಾವು ಕೊಂಡ ಮಂಚದ ಹೊರ ಅಗಲ 6 ಅಡಿ 4 ಅಂಗುಲ, ಉದ್ದ 7 ಅಡಿ ಆಗಿತ್ತು. ಕೋಣೆಯ ಉತ್ತರ-ದಕ್ಷಿಣದ ಹನ್ನೊಂದು ಅಡಿಯಲ್ಲಿ ದಕ್ಷಿಣದ ಗೋಡೆಯ ವಾರ್ಡ್‌ರೋಬ್ ಎರಡು ಅಡಿ ನುಂಗಿದರೆ ಉಳಿಯುವುದು ಒಂಬತ್ತು. ಅದರಲ್ಲಿ ಮಂಚ ಹೋಗಿ ಮಿಕ್ಕಿದ್ದು 2 ಅಡಿ 8 ಅಂಗುಲ. ಎರಡೂ ಪಕ್ಕ ಸಮವಾಗಿ ಹಂಚಿದರೆ ಒಂದೊಂದು ಕಡೆ 16 ಅಂಗುಲ ಬರುತ್ತದೆ. ವಾರ್ಡ್‌ರೋಬಿನ ಬಾಗಿಲಿನ ಅಗಲವೇ 21 ಅಂಗುಲವಿದ್ದು, ಅದು ಅರ್ಧ ತೆರೆದು ಮಂಚಕ್ಕೆ ಬಡಿಯುತ್ತಿತ್ತು. ಉತ್ತರಕ್ಕೆ ತಲೆ ಹಾಕಬಾರದೆಂಬ ಕಟ್ಟಳೆಯನ್ನು ನಮ್ಮ ಮನೆಯಲ್ಲಿ ಯಾರೂ ಮೀರುವುದಿಲ್ಲವಾದ್ದರಿಂದ ಮಂಚವನ್ನು ತಿರುಗಿಸುವ ದಾರಿಯೂ ಮುಚ್ಚಿತ್ತು. ಕೊನೆಗೆ ಅದನ್ನು ಉತ್ತರದ ಗೋಡೆಗೆ ಒತ್ತಿ ಹಾಕಲಾಯಿತು. ಒಳಬದಿಯಲ್ಲಿ ಮಲಗುವ ಸೊಸೆ ರಾತ್ರಿ ನೀರು ಕುಡಿಯಲು ಏಳಬೇಕಾದರೆ ಕಾಲ ಬಳಿಯವರೆಗೆ ತೆವಳಿಕೊಂಡು ಇಳಿಯಬೇಕು. ಸೆಟ್ಟಿನ ಜೊತೆ ಬಂದ ಎರಡು ಸೈಡ್ ಟೇಬಲ್‌ಗಳಲ್ಲಿ ಒಂದು ಈಗ ಬಾಲ್ಕನಿಯಲ್ಲಿ ತುಳಸಿ ಕುಂಡ ಹೊತ್ತು ನಿಂತಿದೆ. ಕ್ವೀನ್ ಸೈಜ್ ಮಂಚ ತಂದಿದ್ದರೆ ವಾರ್ಡ್‌ರೋಬಿನ ಕಡೆ 26 ಅಂಗುಲ, ಇನ್ನೊಂದು ಕಡೆ 18 ಅಂಗುಲ ಸಿಗುತ್ತಿತ್ತು. ಮಳಿಗೆಯ ವಿಶಾಲ ಹಾಲಿನಲ್ಲಿ ಆರಡಿಯ ಮಂಚವೂ ಸಣ್ಣದಾಗಿ ಕಾಣುತ್ತದೆ ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ.

ಮಗಳು ಕಳೆದ ವರ್ಷ ಮನೆ ಕೊಂಡಾಗ ನನ್ನ ಪತ್ನಿ ಒಂದು ಉಪಾಯ ಮಾಡಿದರು. ನಿಮ್ಮದೇ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅಂಟುಪಟ್ಟಿಯಿಂದ ಜೋಡಿಸಿ, ಮಂಚದ ಹೊರ ಅಳತೆಗೆ ಸರಿಯಾಗಿ ಖಾಲಿ ಕೋಣೆಯ ನೆಲದ ಮೇಲೆ ಹರಡಿಸಿದರು. ವಾರ್ಡ್‌ರೋಬಿನ ತೆರೆದ ಬಾಗಿಲಿಗೂ ಒಂದು ಹಾಳೆ ಹಾಸಿದರು. ಬಳಿಕ ಎರಡು ಕೈಯಲ್ಲಿ ರಜಾಯಿ ಹಿಡಿದುಕೊಂಡು ಆ ಕಾಗದದ ಮಂಚದ ಸುತ್ತ ಒಂದು ಸುತ್ತು ಬಂದರು. ಎಲ್ಲಿ ಕಾಲು ಹಾಳೆಯನ್ನು ತುಳಿಯಿತೋ ಅಲ್ಲಿ ಜಾಗ ಸಾಲದು ಎಂದು ತೀರ್ಮಾನವಾಯಿತು. ಸ್ವಿಚ್‌ಬೋರ್ಡು ತಲೆಹಲಗೆಯ ಹಿಂದೆ ಅಡಗಿಹೋಗುತ್ತದೆ ಎಂಬುದೂ ಆಗಲೇ ಕಣ್ಣಿಗೆ ಬಿತ್ತು.

ಎತ್ತರದ ಬಗ್ಗೆಯೂ ಒಂದು ಮಾತು ಹೇಳಬೇಕು. ಈಗ ನೆಲಕ್ಕೆ ಹತ್ತಿದಂತಿರುವ ತಗ್ಗು ಮಂಚಗಳು ಬಂದಿವೆ. ಹಾಸಿಗೆಯೂ ಸೇರಿ 18ರಿಂದ 20 ಅಂಗುಲ ಎತ್ತರವಿದ್ದರೆ ಅಂಚಿನಲ್ಲಿ ಕುಳಿತಾಗ ಪಾದ ನೆಲಕ್ಕೆ ಊರುತ್ತದೆ, ಏಳುವುದು ಸುಲಭವಾಗುತ್ತದೆ. ಮೊಣಕಾಲು ನೋವಿರುವವರು ಮಳಿಗೆಯಲ್ಲಿ ಸಂಕೋಚಪಡದೆ ಹತ್ತು ಸಲ ಕುಳಿತು ಎದ್ದು ನೋಡುವುದು ಒಳ್ಳೆಯದು. ಅಡಿಯಲ್ಲಿ ಸಾಮಾನು ತುಂಬುವ ಹೈಡ್ರಾಲಿಕ್ ಮಂಚ ಸಣ್ಣ ಮನೆಗೆ ಅನುಕೂಲವೆಂಬುದು ನಿಜ. ಆದರೆ ಗಾಳಿಯಾಡದ ಆ ಪೆಟ್ಟಿಗೆಯಲ್ಲಿ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರೇಷ್ಮೆ ಸೀರೆ ಇಟ್ಟವರು ದೀಪಾವಳಿಗೆ ತೆಗೆದಾಗ ಬೂಷ್ಟು ಹಿಡಿದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಮರದ ವಿಷಯ. ‘ಅಪ್ಪಟ ತೇಗ’ ಎಂದು ಬಾಯಲ್ಲಿ ಹೇಳಿ ಬಿಲ್ಲಿನಲ್ಲಿ ‘ಮರದ ಮಂಚ’ ಎಂದಷ್ಟೇ ಬರೆಯುವ ಮಳಿಗೆಗಳಿವೆ. ಮಂಚದ ಕಾಲುಗಳು ಮಾತ್ರ ತೇಗದವಾಗಿದ್ದು, ಉಳಿದದ್ದು ತೇಗದ ತೆಳು ಪದರ ಅಂಟಿಸಿದ ಪ್ಲೈವುಡ್ ಆಗಿರಬಹುದು. ಅದೇನೂ ಕೆಟ್ಟದ್ದಲ್ಲ, ಆದರೆ ತೇಗದ ಬೆಲೆ ತೆರುವುದು ತಪ್ಪು. ಆದ್ದರಿಂದ ಯಾವ ಭಾಗ ಯಾವ ಮರ ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು. ವಾರ್ಡ್‌ರೋಬನ್ನು ಬಡಗಿಯಿಂದ ಮಾಡಿಸುವವರು ಸನ್‌ಮೈಕಾ ಅಂಟಿಸುವ ಮೊದಲೇ ಹಲಗೆಯ ಮೇಲಿನ ಐಎಸ್‌ಐ ಮುದ್ರೆಯನ್ನೂ ಅದರ ಜೊತೆಗಿರುವ ಸಿಎಂ/ಎಲ್ ಸಂಖ್ಯೆಯನ್ನೂ, ಅಂದರೆ ತಯಾರಕರ ಪರವಾನಗಿ ಸಂಖ್ಯೆಯನ್ನೂ ನೋಡಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದ್ದೆಂದು ತಿಳಿಯುತ್ತದೆ. ಮಲಗುವ ಕೋಣೆಗೆ ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನದಂಡವಾದ ಐಎಸ್ 303ರ ಬಿಡಬ್ಲ್ಯುಆರ್ (ಕುದಿಯುವ ನೀರನ್ನು ತಾಳಿಕೊಳ್ಳುವ) ದರ್ಜೆಯ ಪ್ಲೈವುಡ್ ಧಾರಾಳವಾಗಿ ಸಾಕು. ಐಎಸ್ 710, ಅಂದರೆ ಮರೀನ್ ಪ್ಲೈವುಡ್‌ಗೆ ಹೆಚ್ಚು ಹಣ ಸುರಿಯುವುದಿದ್ದರೆ ಅಡುಗೆಮನೆಯ ಸಿಂಕಿನ ಕೆಳಗೆ ಸುರಿಯುವುದು ಮೇಲು.

ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಿಂದಾಗಿ ಬಿಲ್ಡರ್‌ಗಳು ಕಾರ್ಪೆಟ್ ಏರಿಯಾ, ಅಂದರೆ ಹೊರಗೋಡೆಗಳನ್ನು ಬಿಟ್ಟು ಮನೆಯೊಳಗೆ ಬಳಕೆಗೆ ಸಿಗುವ ನೆಲದ ವಿಸ್ತೀರ್ಣ, ತಿಳಿಸಬೇಕಾಗಿದೆ. ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಕೋಣೆಗಳ ನಡುವಿನ ಒಳಗೋಡೆಗಳ ಜಾಗವೂ ಸೇರುವುದರಿಂದ, ಇಡೀ ಮನೆಯ ಆ ಒಂದು ಸಂಖ್ಯೆಯಿಂದ ಯಾವ ಕೋಣೆಗೆ ಎಷ್ಟಗಲದ ಮಂಚ ಹಿಡಿಸುತ್ತದೆಂದು ತಿಳಿಯುವುದಿಲ್ಲ. ಪ್ರತಿ ಕೋಣೆಯ ಗಿಲಾವಿನಿಂದ ಗಿಲಾವಿಗೆ ಅಳತೆಯನ್ನೂ, ಬಾಗಿಲು ತೆರೆಯುವ ದಿಕ್ಕನ್ನೂ ನಕಾಶೆಯಲ್ಲಿ ಮುದ್ರಿಸಬೇಕೆಂದು ಸಂಬಂಧಪಟ್ಟವರು ನಿಯಮ ಮಾಡಲಿ. ಮಂಚದ ಚಿತ್ರ ಹಾಕುವುದಾದರೆ ಮಾರುಕಟ್ಟೆಯಲ್ಲಿ ಸಿಗುವ ಅಳತೆಗೇ ಹಾಕಲಿ.

ನಿಮ್ಮ ಜಾಹೀರಾತು ವಿಭಾಗದವರಲ್ಲಿಯೂ ನನ್ನದೊಂದು ಕೋರಿಕೆಯಿದೆ. ಈ ಹಬ್ಬದ ಪುಟಗಳಿಗೆ ಜಾಹೀರಾತು ಪಡೆಯುವಾಗ, ಪ್ರತಿ ಮಂಚದ ಚಿತ್ರದ ಕೆಳಗೆ ಅದರ ಹೊರ ಉದ್ದ, ಅಗಲ, ಎತ್ತರವನ್ನು ಒಂದು ಸಾಲಿನಲ್ಲಿ ನಮೂದಿಸುವಂತೆ ಮಳಿಗೆಯವರನ್ನು ಕೇಳಬಹುದೇ?

ಇಂತಿ,
ನಿವೃತ್ತ ಉಪನ್ಯಾಸಕ, ತುಮಕೂರು