ಕೊನೆಯ ಸಂಪುಟ ಓದುತ್ತಿರುವವರ ಗಮನಕ್ಕೆ

ನಮ್ಮ ಓದುಗರ ಗುಂಪಿನ ಎಲ್ಲರಿಗೂ ನಮಸ್ಕಾರ. ನಾವು ಓದುತ್ತಿರುವ ರಾಜಮನೆತನದ ಕಾದಂಬರಿ ಸರಣಿಯ ಕೊನೆಯ ಪುಸ್ತಕವನ್ನು ಕೆಲವರು ಆಗಲೇ ಮುಗಿಸಿದ್ದೀರಿ, ಕೆಲವರು ಇನ್ನೂ ಪಟ್ಟಾಭಿಷೇಕದ ಅಧ್ಯಾಯದಲ್ಲೇ ಇದ್ದೀರಿ. ಸಿಂಹಾಸನ ಯಾರಿಗೆ ದಕ್ಕಿತು, ರಾಣಿಗೆ ವಿಷ ಹಾಕಿಸಿದ್ದು ಯಾರು ಅನ್ನೋದನ್ನು ದಯವಿಟ್ಟು ಇಲ್ಲಿ ಬಾಯಿಬಿಡಬೇಡಿ. ಬರೀ ಅಳುವ ಇಮೋಜಿ ಹಾಕಿದರೂ ಗುಟ್ಟು ರಟ್ಟಾದಂತೆಯೇ!

ಈಗ ಶುರು ಮಾಡುವವರು ಹಿಂದಿನ ಸಂಪುಟದ ಕೊನೆಯ ಎರಡು-ಮೂರು ಅಧ್ಯಾಯ ಒಮ್ಮೆ ತಿರುವಿ ಹಾಕಿ. ಯಾರು ಯಾರ ಪಕ್ಷ ಅನ್ನೋದು ಅಲ್ಲೇ ತಲೆಕೆಳಗಾಗಿರೋದು. ವಂಶಾವಳಿಯ ಪುಟ ಮಾತ್ರ ಮೊದಲೇ ನೋಡಬೇಡಿ. ಹೆಸರುಗಳ ಪಕ್ಕ ಸತ್ತ ವರ್ಷವನ್ನೂ ಅಚ್ಚು ಹಾಕಿಬಿಟ್ಟಿದ್ದಾರೆ ಪುಣ್ಯಾತ್ಮರು. ಔತಣಕೂಟದ ಮಾತುಕತೆ ನಿಧಾನವಾಗಿ ಓದಿ, ಯುದ್ಧಕ್ಕಿಂತ ದೊಡ್ಡ ಏಟು ಬೀಳೋದು ಅಲ್ಲಿ.

ಚರ್ಚೆ ಭಾನುವಾರ ಸಂಜೆ. ಓದಿ ಮುಗಿಸದವರು ಆ ಹೊತ್ತಿಗೆ ಗುಂಪನ್ನು ಮ್ಯೂಟ್ ಮಾಡಿಕೊಳ್ಳಿ.