ಜೊತೆ ನಿಂತವರಿಗೆ

ನಮ್ಮವರ ವರ್ಷದ ಕಾರ್ಯ ಕಳೆದ ವಾರ ಮುಗಿಯಿತು. ಬಂದವರಿಗೆ ಊಟ ಬಡಿಸುವ ಗಡಿಬಿಡಿಯಲ್ಲಿ ಯಾರ ಹತ್ತಿರವೂ ನಾಲ್ಕು ಮಾತು ಸರಿಯಾಗಿ ಆಡಲಾಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಡಯಾಲಿಸಿಸ್ ಸಿಸ್ಟರ್‌ಗಳಿಗೆ. ವಾರಕ್ಕೆ ಮೂರು ಸಲ, ಒಮ್ಮೆ ಮಲಗಿದರೆ ನಾಲ್ಕು ಗಂಟೆ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಸಿದ ಮೇಲೆ ನಮ್ಮವರು ಸಿಟಿ ಬಸ್ಸಿನ ಸ್ಟೇರಿಂಗ್ ಬಿಟ್ಟರು. ಆ ಜಾಗದಲ್ಲಿ ಬೆರಳಿಟ್ಟರೆ ಒಳಗೆ ರಕ್ತ ಗುಂಯ್‌ಗುಟ್ಟುವುದು ಗೊತ್ತಾಗಬೇಕು, ನಿಂತರೆ ಕೂಡಲೇ ಕರೆದುಕೊಂಡು ಬನ್ನಿ ಎಂದು ನನಗೆ ಕಲಿಸಿದ್ದು ನೀವು. ರಾತ್ರಿ ಮಲಗುವ ಮೊದಲು ಮುಟ್ಟಿ ನೋಡಿ ನೋಡಿ ಎಷ್ಟು ರೂಢಿಯಾಗಿತ್ತೆಂದರೆ, ಅವರು ಹೋದ ಮೇಲೂ ಕತ್ತಲಲ್ಲಿ ನನ್ನ ಕೈ ಪಕ್ಕದ ಚಾಪೆಗೆ ಹೋಗುತ್ತಿತ್ತು.

ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳು ಒಟ್ಟು ಮಾಡಿ ಕೊಟ್ಟ ಹಣದ ಲೆಕ್ಕ ಮಗಳ ಪುಸ್ತಕದಲ್ಲಿದೆ. ಯಾರು ಎಷ್ಟು ಕೊಟ್ಟರೆಂದು ಕೊಟ್ಟವರೇ ಬರೆಸಲಿಲ್ಲ.

ಆಚೆಮನೆಯ ಬ್ಯಾರಿ ಅಕ್ಕನ ಬಗ್ಗೆ ಹೇಳಲೇಬೇಕು. ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೊರಟ ಮೇಲೆ ರಾತ್ರಿಯಾದರೆ ಗಂಜಿ, ಚಟ್ನಿ ತಂದಿಟ್ಟು ಹೋಗುತ್ತಿದ್ದರು. ಸಮಾಧಾನದ ಒಂದು ಮಾತಿಲ್ಲ. ಮರುದಿನ ಪಾತ್ರೆಗೆ ಬರುವಾಗ ಖಾಲಿಯಾಗಿದೆಯಾ ಎಂದು ಮುಚ್ಚಳ ತೆಗೆದು ನೋಡುವರು, ಅಷ್ಟೆ. ‘ದೇವರಿಗೂ ಒಳ್ಳೆಯವರೇ ಬೇಕು’ ಎಂದು ಬಂದವರೆಲ್ಲ ಹೇಳುತ್ತಿದ್ದ ದಿನಗಳವು. ನನಗೂ ಒಳ್ಳೆಯವರೇ ಬೇಕಿತ್ತಲ್ಲ! ದೀಪ ಹಚ್ಚುವುದನ್ನು ಬಿಟ್ಟುಬಿಟ್ಟಿದ್ದೆ.

ಅದಕ್ಕೆ ನಾದಿನಿ ಬಯ್ಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಸಂಜೆ ಬಂದು ತಾನೇ ಹಚ್ಚಿ ಹೋಗುತ್ತಿದ್ದಳು. ಬೊಜ್ಜದ ದಿನ ನನ್ನ ಕುಂಕುಮ, ಬಳೆ ತೆಗೆಸಲು ಹಿರಿಯ ಹೆಂಗಸರು ಬಂದಾಗ ಅಡ್ಡ ನಿಂತವಳೂ ಅವಳೇ. ‘ಅಣ್ಣ ಕಟ್ಟಿದ್ದು ಕರಿಮಣಿ. ಕುಂಕುಮ ಅತ್ತಿಗೆ ಹುಡುಗಿಯಾಗಿದ್ದಾಗಲೇ ಇಟ್ಟದ್ದು’ ಎಂದಳು. ಅಲ್ಲಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಕುದ್ರೋಳಿಗೆ ಎಳೆದುಕೊಂಡು ಹೋದಳು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥನ ಸನ್ನಿಧಿ ಅದು. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ ಸುದ್ದಿಯನ್ನು ನಮ್ಮವರೇ ನನಗೆ ಪೇಪರಿನಿಂದ ಓದಿ ಹೇಳಿದ್ದರು. ಒಳ್ಳೆಯದಾಯಿತು ಎಂದು ಒಲೆಯ ಕಡೆ ತಿರುಗಿದ್ದೆ. ಈ ಸಲ ಪ್ರಸಾದದ ಕುಂಕುಮ ಹಣೆಗಿಡುವಾಗ ಅದು ಯಾರಿಗೆಲ್ಲ ಒಳ್ಳೆಯದಾಯಿತೆಂದು ತಿಳಿಯಿತು.

ಆಟಿ ತಿಂಗಳಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಕ್ರಮ ನಮ್ಮಲ್ಲಿದೆ. ನಮ್ಮವರಿಗೆ ಬಡಿಸುವ ದಿನ ಸಮುದಾಯದ ಹಿರಿಯರಾದ ಗುರಿಕಾರರು ನನ್ನನ್ನು ಕರೆದು, ‘ಅವನಿಗೆ ಏನು ಇಷ್ಟವೋ ಅದನ್ನೇ ಮಾಡು ಮಗಾ, ಕ್ರಮದ್ದು ನಾನು ನೋಡಿಕೊಳ್ಳುತ್ತೇನೆ’ ಎಂದರು. ಡಯಾಲಿಸಿಸ್ ಶುರುವಾದ ಮೇಲೆ ಇವರಿಗೆ ನೀರು ಅಳತೆಯದ್ದು. ಸೆಕೆಗಾಲದಲ್ಲೂ ಐಸ್ ತುಂಡು ಚೀಪಿಕೊಂಡು ಕೂರುತ್ತಿದ್ದರು. ಪೊಟ್ಯಾಸಿಯಂ ಏರುತ್ತದೆಂದು ಬೊಂಡದ ಎಳನೀರು ಮುಟ್ಟುವಂತಿರಲಿಲ್ಲ, ನಮ್ಮ ಹಿತ್ತಲಲ್ಲೇ ಎರಡು ಮರ ಇದ್ದರೂ. ಅವತ್ತು ಎಲೆಗೆ ಬಂಗುಡೆ ಪುಳಿಮುಂಚಿ ಬಡಿಸಿದೆ, ಉಪ್ಪು ನೋಡಿ ಹಾಕಲಿಲ್ಲ. ಪಕ್ಕದಲ್ಲಿ ಕೆತ್ತಿದ ಬೊಂಡ, ತುಂಬಿದ ಚೆಂಬು ನೀರು ಇಟ್ಟೆ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತಾಗ, ಬೇಕಾದಷ್ಟು ಕುಡಿಯಿರಿ, ಇನ್ನು ಯಾರೂ ಅಳೆಯುವುದಿಲ್ಲ ಎಂದು ಒಳಗೊಳಗೇ ಹೇಳಿಕೊಂಡೆ. ಅದು ಪ್ರಾರ್ಥನೆ ಹೌದೋ ಅಲ್ಲವೋ. ದೇವರ ಹತ್ತಿರ ನನ್ನ ಜಗಳ ಪೂರ್ತಿ ಮುಗಿದಿಲ್ಲ. ಆದರೆ ಆ ಸಂಜೆ ನಾದಿನಿ ಬರುವ ಮೊದಲೇ ದೀಪ ಹಚ್ಚಿದ್ದೆ. ಗುರಿಕಾರರೇ, ಆ ಒಂದು ಮಾತಿಗೆ ನಿಮಗೆ ಕೈ ಮುಗಿಯುತ್ತೇನೆ.

ಇನ್ನು ಮೆಡಿಕಲ್ ಶಾಪಿನ ಅಣ್ಣನಿಗೆ. ಇಷ್ಟು ಸಮಯ ಒಂದು ದಿನವೂ ನೀವು ಕೇಳಲಿಲ್ಲ. ಮಗಳಿಗೆ ಕೆಲಸ ಸಿಕ್ಕಿದೆ, ಬರುವ ತಿಂಗಳಿನಿಂದ ಬಾಕಿ ಸ್ವಲ್ಪ ಸ್ವಲ್ಪವೇ ಕೊಡುತ್ತೇವೆ. ಬೇಡ ಎನ್ನಬೇಡಿ.