ಕೊನೆಯ ಕಂತು ಬಂತು, ಎಲ್ಲರಿಗೂ ನಮಸ್ಕಾರ

ಮೊನ್ನೆ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಬ್ಯಾಂಕಿನಿಂದ ಮೆಸೇಜ್ ಬಂತು. 60,000 ರೂಪಾಯಿ. ನಮ್ಮ 18 ನಿಮಿಷದ ಸಿನಿಮಾಕ್ಕೆ ಸಿಕ್ಕ ಅನುದಾನದ ಮೂರನೇ ಕಂತು, ಕೊನೆಯದು. ಆಗ ನಾನು ಚಿಂತಾಮಣಿಯ ಒಂದು ಛತ್ರದಲ್ಲಿ ಮದುವೆ ಶೂಟ್ ಮಾಡುತ್ತಿದ್ದೆ. ಧಾರೆ ಎರೆಯುವ ಹೊತ್ತು. ಫೋನ್ ನೋಡಬಾರದಿತ್ತು, ನೋಡಿಬಿಟ್ಟೆ. ವಿಡಿಯೊದಲ್ಲಿ ಎರಡು ಸೆಕೆಂಡು ಅಲುಗಾಡಿದೆ. ಮೊದಲು ಆ ಮನೆಯವರ ಕ್ಷಮೆ ಕೇಳಿ, ಆಮೇಲೆ ಉಳಿದವರ ಋಣಕ್ಕೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಶಿಡ್ಲಘಟ್ಟದವನು. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ವಿಡಿಯೊ ಮಾಡುವುದು ಕಸುಬು. ಸಿನಿಮಾ ಮಾಡಬೇಕು ಅನ್ನುವ ಹುಚ್ಚು ಹಳೆಯದು. ಕಥೆ ಮಾತ್ರ ರೇಷನ್ ಅಂಗಡಿಯ ಕ್ಯೂನಲ್ಲಿ ಸಿಕ್ಕಿತು. ನನ್ನ ಮುಂದೆ ನಿಂತಿದ್ದ ಹೆಂಗಸು ಮಷೀನ್ ಮೇಲೆ ಹೆಬ್ಬೆಟ್ಟು ಇಟ್ಟರು, ತಗೊಳ್ಳಲಿಲ್ಲ. ಒರೆಸಿ ಇಟ್ಟರು, ಇಲ್ಲ. ಹತ್ತು ಬೆರಳೂ ಆಯಿತು. ರೇಷ್ಮೆ ನೂಲು ತೆಗೆಯುವವರು ಅವರು. ದಿನವಿಡೀ ಬಿಸಿನೀರಿನ ಬೇಸಿನ್‌ನಲ್ಲಿ ಕೈ ಅದ್ದಿ, ಬೆಂದ ಗೂಡಿನಿಂದ ಎಳೆಯ ತುದಿ ಹುಡುಕುವ ಕೆಲಸ. ವರ್ಷಗಟ್ಟಲೆ ಹಾಗೆ ಮಾಡಿ ಬೆರಳ ತುದಿಯ ಗೆರೆ ಸವೆದಿತ್ತು. ಅವರೇನೂ ಗಲಾಟೆ ಮಾಡಲಿಲ್ಲ. "ನಾಳೆ ಬತ್ತೀನಿ, ಕೈ ಸ್ವಲ್ಪ ಒಣಗಿರ್ತದೆ" ಅಂದು ಚೀಲ ಮಡಚಿಕೊಂಡು ಹೋದರು. ನನ್ನ ಸಿನಿಮಾ ಅಷ್ಟೇ. ಆ ಚೀಲ ಮಡಚಿದ ರೀತಿ.

ದುಡ್ಡು ಎಲ್ಲಿಂದ ಬರಬೇಕು? ಕನ್ನಡ ಸಿನಿಮಾಗೆ ಸರ್ಕಾರದ ಸಹಾಯಧನ ಇದೆ ನಿಜ. ಅದು ಸಿನಿಮಾ ಮುಗಿದು, ಸೆನ್ಸಾರ್ ಆದ ಮೇಲಿನ ಮಾತು. ಅದೂ ಪೂರ್ಣ ಪ್ರಮಾಣದ ಚಿತ್ರಗಳಿಗೆ. ಕೈಯಲ್ಲಿ ಬರೀ ಕಥೆ ಇರುವವನಿಗೆ ಮುಂಚೆಯೇ ದುಡ್ಡು ಕೊಡುವವರೂ ಇದ್ದಾರೆ ಅಂತ ಹೇಳಿದ್ದು ನನಗೆ ಪಿಯುಸಿಯಲ್ಲಿ ಕನ್ನಡ ಪಾಠ ಮಾಡಿದ ಮೇಷ್ಟ್ರು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲಾವಿದರಿಗೆ, ಸಂಶೋಧಕರಿಗೆ ಅನುದಾನ ಕೊಡುತ್ತಿದೆ ಅನ್ನುವುದೂ ಅವರಿಂದಲೇ ತಿಳಿದದ್ದು. ನನಗೆ ಕೊನೆಗೆ ಸಿಕ್ಕಿದ್ದು ಬೇರೆ ಕಡೆ, ಒಂದು ಸಣ್ಣ ಟ್ರಸ್ಟಿನಿಂದ. ಪ್ರಚಾರ ಬೇಡ ಅಂದಿದ್ದಾರೆ, ಹೆಸರು ಹಾಕುತ್ತಿಲ್ಲ.

ಮೂರು ಸಲ ಅರ್ಜಿ ಹಾಕಿದೆ. ಮೊದಲನೆಯದು 2022ರಲ್ಲಿ. ಅರ್ಜಿ ಅಂದರೆ ಇಂಗ್ಲಿಷಿನಲ್ಲೇ ಇರಬೇಕು ಅಂದುಕೊಂಡು, ಒಬ್ಬರಿಗೆ 3,000 ರೂಪಾಯಿ ಕೊಟ್ಟು ಬರೆಸಿದೆ. ಚೆನ್ನಾಗೇ ಬರೆದಿದ್ದರು. ಅದರಲ್ಲಿ ಬಡತನ ಇತ್ತು, ಹೋರಾಟ ಇತ್ತು, ಕನಸು ಇತ್ತು. ಶಿಡ್ಲಘಟ್ಟ ಇರಲಿಲ್ಲ. ಯಾವ ಊರಿನ ಹೆಸರು ಹಾಕಿದರೂ ನಡೆಯುವಂಥ ಅರ್ಜಿ. ಸಿಗಲಿಲ್ಲ, ಸಿಗಬಾರದಿತ್ತು ಕೂಡ. ಎರಡನೇ ಸಲ ಹೊರಡುವಾಗ ಮೇಷ್ಟ್ರು ಕೂರಿಸಿಕೊಂಡು, "ಕ್ಯೂನಲ್ಲಿ ಏನಾಯ್ತು ಅಂತ ನನಗೆ ಹೇಳಿದೆಯಲ್ಲ, ಹಂಗೇ ಬರಿ" ಅಂದರು. ಈ ಟ್ರಸ್ಟಿನವರು ಕನ್ನಡದಲ್ಲೂ ಅರ್ಜಿ ತಗೊಳ್ಳುತ್ತಾರೆ ಅಂತ ಹುಡುಕಿ ತೋರಿಸಿದ್ದೂ ಅವರೇ. ನಾನು ಬರೆದ ನಾಲ್ಕು ಪುಟದಲ್ಲಿ 'ಸಂವೇದನೆ' ಅನ್ನುವ ಪದ ಒಂಬತ್ತು ಕಡೆ ಇತ್ತಂತೆ. ಒಂಬತ್ತಕ್ಕೂ ಕೆಂಪು ಗೆರೆ ಎಳೆದರು. ಮೇಷ್ಟ್ರೇ, ಆ ಕಾಗದ ಇನ್ನೂ ಬೀರುವಿನಲ್ಲಿದೆ.

ಎರಡನೆಯದೂ ಹೋಯಿತು. ಆದರೆ ಈ ಸಲ 'ಇಲ್ಲ' ಅನ್ನುವುದರ ಕೆಳಗೆ ಎರಡು ಸಾಲು ಇತ್ತು. "ನಿಮ್ಮ ಬಜೆಟ್‌ನಲ್ಲಿ ಕ್ಯಾಮೆರಾಗೆ ಬಾಡಿಗೆ ಇದೆ, ಲೆನ್ಸಿಗೆ ಬಾಡಿಗೆ ಇದೆ. ಮುಖ್ಯ ಪಾತ್ರದ ಎದುರು ಸೊನ್ನೆ ಯಾಕೆ?" ಬರೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಹತ್ತಾರು ಅರ್ಜಿ ಓದಿ ಸುಸ್ತಾಗಿದ್ದ ಯಾರೋ, ಬೇಡ ಅಂದ ಅರ್ಜಿಗೂ ಕೂತು ಎರಡು ಸಾಲು ಬರೆದರು. ನಿಮಗೆ ದೊಡ್ಡ ನಮಸ್ಕಾರ. ಓದಿದ ದಿನ ಮಾತ್ರ ನಿಮ್ಮನ್ನು ಬೈದುಕೊಂಡೇ ಮಲಗಿದ್ದೆ.

ಸೊನ್ನೆ ಯಾಕೆ ಅಂದರೆ, ನಾನು 'ಸ್ಥಳೀಯರು, ಸ್ವಇಚ್ಛೆಯಿಂದ' ಅಂತ ಬರೆದಿದ್ದೆ. ನಮ್ಮೂರವರು, ನಮ್ಮ ಸಿನಿಮಾ, ದುಡ್ಡು ಯಾರು ಕೇಳ್ತಾರೆ ಅಂತ. ಕ್ಯೂನಲ್ಲಿ ನೋಡಿದ ಆ ಅಮ್ಮನನ್ನೇ ಪಾತ್ರ ಮಾಡಿ ಅಂತ ಕೇಳಿಯೂ ಇದ್ದೆ, ನಕ್ಕು ಸುಮ್ಮನಾಗಿದ್ದರು. ಆ ಕಾಗದ ಬಂದ ಮೇಲೆ ಮತ್ತೆ ಹೋದೆ. "ನಿನ್ನ ಪಿಚ್ಚರ್‌ಗೆ ಎಷ್ಟು ದಿನ ಬೇಕಪ್ಪ?" ಅಂದರು. ಆರು ದಿನ ಅಂದೆ. "ಆರು ದಿನ ಬೇಸಿನ್ ಬಿಟ್ರೆ ಕೂಲಿ ಯಾರು ಕೊಡ್ತಾರೆ? ಏಳನೇ ದಿನ ಆ ಜಾಗದಲ್ಲಿ ಬೇರೆಯವರು ಕೂತಿದ್ರೆ?" ಮೊದಲ ಪ್ರಶ್ನೆಗೆ ಬಜೆಟ್‌ನಲ್ಲಿ ಉತ್ತರ ಬರೆಯಬಹುದಿತ್ತು. ಎರಡನೆಯದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವರು ನೂಲು ತೆಗೆಯುವ ರೀಲಿಂಗ್ ಘಟಕದ ಮಾಲೀಕರ ಹತ್ತಿರ ಹೋಗಿ, ಅವರ ಜಾಗ ಅವರಿಗೇ ಇರುತ್ತದೆ ಅಂತ ಮಾತು ತಗೊಂಡು ಬಂದ ಮೇಲೆಯೇ ಹೂಂ ಅಂದದ್ದು.

ಮೂರನೇ ಅರ್ಜಿಯನ್ನು ಬಜೆಟ್‌ನಿಂದ ಶುರು ಮಾಡಿದೆ. ಕಥೆ ಆಮೇಲೆ. ಮೊದಲ ಸಾಲು ಅವರ ಆರು ದಿನದ ಕೂಲಿ, ಮಾಮೂಲಿಯ ಒಂದೂವರೆ ಪಟ್ಟು. ಎರಡನೇ ಸಾಲು ಊಟ. ಆಮೇಲೆ ಸೌಂಡ್, ಆಮೇಲೆ ಕ್ಯಾಮೆರಾ. ಚಿಂತಾಮಣಿಯಲ್ಲಿ ಅಕೌಂಟ್ಸ್ ನೋಡುವ ಗೆಳೆಯ ಒಂದೊಂದನ್ನೂ ಜಾಲಾಡಿದ. 18,000ದ ಡ್ರೋನ್ ನೋಡಿ ಇದೇನು ಅಂದ. ನಂದಿ ಬೆಟ್ಟದ ಮಂಜು ಮೇಲಿಂದ ತೋರಿಸೋಕೆ ಅಂದೆ. ರೇಷನ್ ಅಂಗಡಿಗೂ ನಂದಿ ಬೆಟ್ಟಕ್ಕೂ ಏನು ಸಂಬಂಧ ಅಂದ. ಡ್ರೋನ್ ಹೋಯಿತು. ಅನಿರೀಕ್ಷಿತ ಖರ್ಚು ಅಂತ ನೂರಕ್ಕೆ ಹತ್ತು ಇಡು ಅಂತ ಹಠ ಹಿಡಿದ. ಆ ಹತ್ತೇ ಆಮೇಲೆ ನನ್ನ ಮಾನ ಉಳಿಸಿತು.

ಹಳೆಯ ಕೆಲಸದ ಮಾದರಿ ಕಳಿಸಿ ಅಂತ ಅರ್ಜಿಯಲ್ಲಿ ಒಂದು ಕಲಂ ಇತ್ತು. ನನ್ನ ಹತ್ತಿರ ಇದ್ದದ್ದೆಲ್ಲ ಮದುವೆ. ನಾಚಿಕೆಯಿಂದಲೇ ಒಂದು ಆರು ನಿಮಿಷದ ತುಣುಕು ಕಳಿಸಿದೆ. ಬೆಳಗಿನ ಜಾವ ಮೂರಕ್ಕೆ ಛತ್ರದ ಹಿಂದೆ ಅಡುಗೆಯವರು ಒಲೆ ಹಚ್ಚುವುದು, ಒಬ್ಬ ತರಕಾರಿ ಮೂಟೆಗೆ ಒರಗಿ ನಿದ್ದೆ ಹೋಗಿರುವುದು. ನಿದ್ದೆ ಬಾರದೆ ಸುಮ್ನೆ ತೆಗೆದಿದ್ದದ್ದು. ಸಂದರ್ಶನದಲ್ಲಿ ಮೂವರೂ ಚಿತ್ರಕಥೆಗಿಂತ ಅದರ ಬಗ್ಗೆಯೇ ಜಾಸ್ತಿ ಕೇಳಿದರು. ಆ ಅಡುಗೆಯವರಿಗೆ ಈ ವಿಷಯವೇ ಗೊತ್ತಿಲ್ಲ, ಸಿಕ್ಕಾಗ ಹೇಳಬೇಕು.

ಕೇಳಿದ್ದು 4,10,000, ಕೊಟ್ಟದ್ದು 3,00,000. ಸಹಿ ಹಾಕಿದಾಗ ನೂರಕ್ಕೆ ನಲವತ್ತು, ಶೂಟಿಂಗ್ ಮುಗಿದಾಗ ನಲವತ್ತು, ಸಿನಿಮಾ ಮತ್ತು ಲೆಕ್ಕ ಕೊಟ್ಟ ಮೇಲೆ ಇಪ್ಪತ್ತು. ಉಳಿದದ್ದಕ್ಕೆ ನನ್ನ ಹಳೆಯ ಲೆನ್ಸ್ ಮಾರಿದೆ. ಎಡಿಟಿಂಗ್ ಮಾಡಿದ ಹುಡುಗಿ ಅರ್ಧ ದುಡ್ಡು ಈಗ, ಅರ್ಧ ಆಮೇಲೆ ಅಂದಳು. ಆ 'ಆಮೇಲೆ' ಮಂಗಳವಾರ ಸಂಜೆಯೇ ಅವಳಿಗೆ ಹೋಗಿದೆ.

ಘಟಕದ ಮಾಲೀಕರನ್ನು ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ರಜೆ ಇದ್ದ ಶುಕ್ರವಾರ, ಇನ್ನೆರಡು ಅರ್ಧ ದಿನ ಘಟಕ ಬಿಟ್ಟುಕೊಟ್ಟರು. ಬಾಡಿಗೆ ಬೇಡ, ಆದರೆ ಗೂಡಿನ ಖರ್ಚು ನಿಮ್ಮದು ಅಂದರು. ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಲೈಸೆನ್ಸ್ ಇರುವ ರೀಲರ್‌ಗಳೇ ಬಿಡ್ ಮಾಡಬೇಕು, ಹಾಗಾಗಿ ಅವರೇ ತಂದರು. ನಮ್ಮ ಲೆಕ್ಕದಲ್ಲಿ ಮೇಕಪ್ ಖರ್ಚು ಸೊನ್ನೆ, ರೇಷ್ಮೆ ಗೂಡು 12 ಕೆಜಿ. ತೆಗೆದ ನೂಲು ಭಾಯ್ ಹತ್ತಿರವೇ ಉಳಿಯಿತು. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ. ಅಷ್ಟು ಸಣ್ಣ ಎಳೆ ಕ್ಯಾಮೆರಾಗೆ ಕಾಣಲ್ಲ. ಕಿಟಕಿ ತೆಗೆದು, ಹಿಂದಿನಿಂದ ಬೆಳಕು ಬರೋ ಹಾಗೆ ಕೂರಿಸು ಅಂತ ಹೇಳಿಕೊಟ್ಟಿದ್ದು ಭಾಯ್, ನನ್ನ ಕ್ಯಾಮೆರಾದವನಲ್ಲ.

ಚಿಕ್ಕಮ್ಮನ ಬಗ್ಗೆ ಬರೆಯದಿದ್ದರೆ ಮನೆಗೆ ಸೇರಿಸಲ್ಲ. ಜಂಗಮಕೋಟೆ ಕಡೆಯ ಹಳ್ಳಿಯಲ್ಲಿ ಅವರದು ರೇಷ್ಮೆ ಹುಳು ಸಾಕಣೆ. ನನಗೆ ಹುಳು ಸೊಪ್ಪು ತಿನ್ನುವ ಸದ್ದು ಬೇಕಿತ್ತು. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹುಳು ಹೇಗೆ ಮೇಯುತ್ತವೆ ಅಂತ ರೇಷ್ಮೆ ಸೀಮೆಯವರಿಗೆ ಹೇಳಬೇಕಿಲ್ಲ, ಹಂಚಿನ ಮೇಲೆ ಸೋನೆ ಮಳೆ ಬಿದ್ದ ಹಾಗೆ. ರಾತ್ರಿ ಎರಡಕ್ಕೆ ರೆಕಾರ್ಡ್ ಮಾಡೋಣ ಅಂತ ಹೋದೆವು. ಚಿಕ್ಕಮ್ಮ ಎಲ್ಲರ ಕಾಲಿಗೂ ಬ್ಲೀಚಿಂಗ್ ಪುಡಿ ನೀರು ಹಾಕಿಸಿ, ಮನೆಯ ಫ್ರಿಜ್ ಕೂಡ ಆರಿಸಿದರು. ಅಷ್ಟರಲ್ಲಿ ನಮ್ಮ ಅಸಿಸ್ಟೆಂಟ್ ಹುಡುಗ ಜಗಲಿಯಲ್ಲಿ ಕೂತು ಸೊಳ್ಳೆ ಬತ್ತಿ ಹಚ್ಚಿದ್ದ! ಹುಳು ಮನೆಯ ಕಿಟಕಿ ಕೆಳಗೆ! ಸೊಳ್ಳೆಗೆ ವಿಷ ಆದದ್ದು ಹುಳುವಿಗೂ ವಿಷವೇ ಅಲ್ವಾ? ಚಿಕ್ಕಮ್ಮ ಓಡಿ ಬಂದು ಬತ್ತಿಯನ್ನು ಮೋರಿಗೆ ಎಸೆದು, ಕಿಟಕಿ ಮುಚ್ಚಿ, ಒಂದು ಗಂಟೆ ಯಾರ ಜೊತೆಯೂ ಮಾತಾಡಲಿಲ್ಲ. ಬೆಳೆ ಹೋಗಿದ್ದರೆ ಇಪ್ಪತ್ತು ದಿನದ ದುಡಿಮೆ, ಸಾಲ ಮಾಡಿ ತಂದ ಸೊಪ್ಪು, ಎಲ್ಲ ಹೋಗುತ್ತಿತ್ತು. ದೇವರ ದಯೆ, ಏನೂ ಆಗಲಿಲ್ಲ. ನಾಲ್ಕು ಗಂಟೆಗೆ ಅವರೇ ಬಂದು, "ಬಾ, ಈಗ ಸೊಪ್ಪು ಹಾಕ್ತೀನಿ, ಮೈಕ್ ಹಿಡಿ" ಅಂದರು. ಸಿನಿಮಾ ಶುರುವಾಗುವುದು ಆ ಸದ್ದಿನಿಂದಲೇ. ಚಿಕ್ಕಮ್ಮಾ, ಆ ರಾತ್ರಿಯ ತಪ್ಪು ನನ್ನದು. ಹುಡುಗನಿಗೆ ಮೊದಲೇ ಹೇಳಬೇಕಿತ್ತು.

ಬಣ್ಣ ತಿದ್ದಿದವರು, ಸಬ್‌ಟೈಟಲ್ ಬರೆದವರು, ಆರು ದಿನ ಚಿತ್ರಾನ್ನ, ಬಸ್ಸಾರು ಕಳಿಸಿದ ಹೋಟೆಲಿನವರು, ನಿಮಗೆಲ್ಲ ಫೋನ್ ಮಾಡಿ ಹೇಳಿದ್ದೇನೆ. ಇಲ್ಲೂ ಹೇಳುತ್ತೇನೆ, ಥ್ಯಾಂಕ್ಸ್.

ಇನ್ನೊಂದು ಮಾತು. ಈ ಕೊನೆಯ ಕಂತು 11 ದಿನ ತಡವಾಗಿ ಬಂತು. ಕಾರಣ ಕೇಳಿದರೆ ನಗ್ತೀರೋ ಏನೋ. ಎಲ್ಲ ಖರ್ಚಿಗೂ ಓಚರ್ ಕೊಡಬೇಕಿತ್ತು. ನಮ್ಮ ಮುಖ್ಯ ಪಾತ್ರದ ಅಮ್ಮ ಕೂಲಿ ಎಣಿಸಿಕೊಂಡು ಹೆಬ್ಬೆಟ್ಟು ಒತ್ತಿದರು. ಟ್ರಸ್ಟಿನ ಲೆಕ್ಕದವರು ಫೋನ್ ಮಾಡಿ, "ಇದು ಹೆಬ್ಬೆಟ್ಟಾ, ಇಂಕ್ ಚೆಲ್ಲಿದ್ದಾ? ಗೆರೆಯೇ ಇಲ್ಲ" ಅಂದರು. ಅವರು ಇನ್ನೂ ಸಿನಿಮಾ ನೋಡಿರಲಿಲ್ಲ. ನಾನು ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪಕ್ಕದಲ್ಲಿ ಇಬ್ಬರು ಸಾಕ್ಷಿ ಸಹಿ ಹಾಕಿಸಿ ಕಳಿಸಿ, ನಾನು ಪಾಸ್ ಮಾಡ್ತೀನಿ" ಅಂದರು. ಭಾಯ್ ಉರ್ದುವಿನಲ್ಲಿ ಸಹಿ ಹಾಕಿದರು, ಚಿಕ್ಕಮ್ಮ ಕನ್ನಡದಲ್ಲಿ. ಅಮ್ಮ ಮಾತ್ರ ಓಚರ್ ನೋಡಿ, "ನಿನ್ನ ಪಿಚ್ಚರ್‌ನವರೂ ಕ್ಯೂನಲ್ಲಿ ನಿಲ್ಲಿಸಿದ್ರಲ್ಲಪ್ಪ" ಅಂತ ನಕ್ಕರು. ಹೆಸರು ಇಲ್ಲಿ ಹಾಕಬೇಡ ಅಂದಿದ್ದಾರೆ. ಪರದೆ ಮೇಲೆ ಇರಲಿ ಅಂದಿದ್ದಾರೆ, ದೊಡ್ಡ ಅಕ್ಷರದಲ್ಲೇ ಇದೆ.

ಬರುವ ಭಾನುವಾರ ಸಂಜೆ ಏಳಕ್ಕೆ ಚಿಕ್ಕಮ್ಮನ ಮನೆ ಅಂಗಳದಲ್ಲಿ ಪರದೆ ಕಟ್ಟುತ್ತೇವೆ. ಟಿಕೆಟ್ ಇಲ್ಲ, ಕಾಫಿ ಇದೆ. ಸೊಳ್ಳೆ ಬತ್ತಿ ಮಾತ್ರ ತರಬೇಡಿ, ಹುಳು ಮೊನ್ನೆಯಷ್ಟೇ ನಾಲ್ಕನೇ ಜ್ವರ ಎದ್ದಿವೆ.